ಕಡೀ ಬಾಯಿ

ಆ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಶಹಾಪುರದ ಒಂದು ಚಹಾದಂಗಡಿಯಲ್ಲಿ. ಪಕ್ಕದ ಬೆಂಚಿನ ಮೇಲೆ ಇಬ್ಬರು ಜೀಪಿನವರು ಕೂತು ಮಾತಾಡುತ್ತಿದ್ದರು.

"ಗುಡ್ಡದ ದಾರಿ ಭಾಳ ಖರಾಬ್ ಅದ ಅಂತಲೇ."

"ಇರಲಿ ಬಿಡು. ಕಡೀ ಬಾಯಿ ಬರ್ತಾಳಂತ. ಇನ್ಯಾಕ ಫಿಕರ್?"

ಕಡಿಯುವ ಬಾಯಿ! ನಾನು ಚಹಾದ ಬಸಿಯನ್ನು ಕೆಳಗಿಟ್ಟೆ. ಟೈರಿನ ನಟ್ಟನ್ನು ಹಲ್ಲಿನಿಂದಲೇ ಬಿಚ್ಚಿ ಪಕ್ಕಕ್ಕೆ ಉಗುಳುವ ಒಬ್ಬ ಹೆಂಗಸು ಕಣ್ಣ ಮುಂದೆ ಬಂದು ನಿಂತಳು. ಮುಂದೊಂದು ದಿನ ಸುರಪುರದಲ್ಲಿ ಅವಳ ಮನೆಗೆ ಹೋದಾಗ ಬಾಗಿಲ ಪಕ್ಕದ ಕುರ್ಚಿಯನ್ನೇ ಆರಿಸಿಕೊಂಡು, ಒಂದು ಕಾಲನ್ನು ಹೊಸ್ತಿಲಾಚೆ ಇಟ್ಟುಕೊಂಡೇ ಕೂತೆ. ಅವಳ ಗಂಡನೇ ಕೊನೆಗೆ ಕನಿಕರಪಟ್ಟು, "ಒಳಗ ಸರೀರಿ ಸರ್, ಆಕಿ ಕಡಿಯಂಗಿಲ್ಲ," ಎಂದ.

ಸಂಗತಿ ಇಷ್ಟೇ. ಸಾಲಾಗಿ ಹೋಗುವ ಗಾಡಿಗಳಲ್ಲಿ ಎಲ್ಲಕ್ಕೂ ಹಿಂದಿನದು ಕಡೀ ಗಾಡಿ. ಅದನ್ನು ಓಡಿಸುವವಳು ಮಲ್ಲಾಬಾಯಿ. ಕಡೀ ಗಾಡಿ ಮಲ್ಲಾಬಾಯಿ ಎಂಬುದು ಜನರ ನಾಲಿಗೆಯ ಮೇಲೆ ಸವೆದು ಸವೆದು ಕಡೀ ಬಾಯಿ ಆಗಿತ್ತು. ಈ ಸೀಮೆಯಲ್ಲಿ ನಾಯಿ ಮಾಡುವುದೂ ಕಡಿ, ರಸ್ತೆಗೆ ಸುರಿಯುವ ಜಲ್ಲಿಕಲ್ಲೂ ಕಡಿ, ಕೊನೆಯದೂ ಕಡೀ. ಬರೆಯುವವನು ದೀರ್ಘ ಎಳೆದು ಪಾರಾಗಬಹುದು. ಮಾತಿನಲ್ಲಿ ದೇವರೇ ಕಾಯಬೇಕು. ನನಗಾದ ತಪ್ಪು ಚಹಾದಂಗಡಿಯಲ್ಲಿ ಹುಟ್ಟಿ ಒಂದು ಕುರ್ಚಿಯ ಮೇಲೆ ಸತ್ತಿತು. ಇನ್ನೊಬ್ಬನಿಗಾದ ತಪ್ಪು ಮಾತ್ರ ಸಗರದ ಜೋಳದ ಹೊಲಕ್ಕೇ ನುಗ್ಗಿತು.

ಮಲ್ಲಾಬಾಯಿ ಸುರಪುರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಅಪ್ಪ ದ್ಯಾವಪ್ಪ ಸರಕಾರಿ ಜೀಪಿನ ಡ್ರೈವರ್ ಆಗಿದ್ದವನು. ಅವನು ನಿವೃತ್ತನಾದ ವರ್ಷವೇ ಜೀಪೂ ಹರಾಜಿಗೆ ಬಂತು. ಇಷ್ಟು ವರ್ಷ ಜತೆಗೆ ದುಡಿದವನನ್ನು ಬೀದಿಪಾಲು ಮಾಡುವುದು ಸರಿಯಲ್ಲವೆಂದು ದ್ಯಾವಪ್ಪ ಅದನ್ನು ಮನೆಗೆ ಕರೆದುಕೊಂಡು ಬಂದ. ಮಗಳಿಗೆ ಕಾಲುವೆಯ ಏರಿಯ ಮೇಲೆ ಜೀಪು ಕಲಿಸಿದ. ಕಲಿಸಿದ್ದು ಮೊದಲು ಹಿಂದಕ್ಕೆ ಹೋಗುವುದನ್ನು. "ಹಿಂದ ಬರಾಕ ಕಲ್ತಾಕಿಗಿ ಮುಂದ ಹೋಗೂದು ತಾನಾ ಬರ್ತದ" ಎಂದು ಅಪ್ಪ ಹೇಳುತ್ತಿದ್ದನೆಂದು ಮಲ್ಲಾಬಾಯಿ ಈಗಲೂ ಗಂಭೀರವಾಗಿ ಹೇಳುತ್ತಾಳೆ. ಆ ದಿನಗಳಲ್ಲಿ ಜೀಪಿಗೆ ಬೀಳುತ್ತಿದ್ದುದು ರಿವರ್ಸ್ ಗೇರ್ ಒಂದೇ ಎಂದು ಅವಳ ಗಂಡ ಹೇಳುತ್ತಾನೆ.

ಗಂಡ ಶಾಂತಕುಮಾರ ಶಾಲಾ ಮಾಸ್ತರ. ಗಾಡಿ ಹತ್ತಿದರೆ ಹೊಟ್ಟೆ ತೊಳಸುವ ಜಾತಿ. ಆದರೂ ಹೆಂಡತಿಯ ಪ್ರತಿ ಸವಾರಿಯಲ್ಲೂ ಪಕ್ಕದ ಸೀಟಿನಲ್ಲಿ ಒಂದು ಲಿಂಬೆಹಣ್ಣು ಮೂಸುತ್ತ ಕೂತಿರುತ್ತಾನೆ. "ಮನ್ಯಾಗ ಒಬ್ಬನ ಇದ್ರ ಅಂಜಿಕಿ ಬರ್ತದ್ರಿ," ಎನ್ನುತ್ತಾನೆ. ಯಾತರ ಅಂಜಿಕೆ ಎಂದು ಯಾರೂ ಕೇಳಿಲ್ಲ.

ಇನ್ನು ಜೀಪಿನವರ ಬಳಗದ ಸಂಸ್ಥಾಪಕ ಅಧ್ಯಕ್ಷ ವಿಶ್ವರಾಧ್ಯ. ಯಾದಗಿರಿಯಲ್ಲಿ ಅವನದೊಂದು ಹಾರ್ಡ್‌ವೇರ್ ಅಂಗಡಿ. ರವಿವಾರ ಬಂತೆಂದರೆ ನಾಲ್ಕಾರು ಗಾಡಿ ಕೂಡಿಸಿಕೊಂಡು ರಸ್ತೆಯಿಲ್ಲದ ಕಡೆ ಹೋಗುವುದು ಈ ಬಳಗದ ಕೆಲಸ. ಅವನ ಜೀಪಿನ ಬಾನೆಟ್ಟಿನ ಪಕ್ಕದಿಂದ ಒಂದು ಕರಿ ಕೊಳವೆ ನೆತ್ತಿಯವರೆಗೂ ಎದ್ದಿದೆ. ಗಾಡಿ ಮುಳುಗುವಷ್ಟು ನೀರಿನಲ್ಲಿ ಹೋದರೂ ಎಂಜಿನ್ನು ಉಸಿರಾಡಲಿ ಎಂದು ಹಾಕಿಸಿದ್ದು. ಮಲ್ಲಾಬಾಯಿ ಅದನ್ನು ಆನಿ ಸೊಂಡಿ ಎಂದು ಕರೆಯುತ್ತಾಳೆ. ಯಾದಗಿರಿ ಜಿಲ್ಲೆಯಲ್ಲಿ ಗಾಡಿ ಮುಳುಗಿಸಲು ನೀರು ಹುಡುಕಿಕೊಂಡು ಹೊರಟ ಮೊದಲ ಮನುಷ್ಯ ಅವನೇ ಇರಬೇಕು. ಹತ್ತಿಕುಣಿ ಕೆರೆಯ ಅಂಚಿಗೆ ಹೋದ. ನೀರಿಗಿಂತ ಮೊದಲೇ ಕೆಸರು ಸಿಕ್ಕಿ, ಗಾಡಿ ಹೊಟ್ಟೆಯವರೆಗೂ ಕೂತಿತು. ಅಲ್ಲೇ ಗಂಡನೊಂದಿಗೆ ಬುತ್ತಿ ಉಣ್ಣಲು ಬಂದಿದ್ದ ಮಲ್ಲಾಬಾಯಿ ಕೈ ತೊಳೆದುಕೊಂಡು ಬಂದಳು.

"ಸಿಕ್ಕೊಂಡದ್ದಲ್ಲರಿ," ಎಂದ ವಿಶ್ವರಾಧ್ಯ, "ಟೆಸ್ಟ್ ಮಾಡಾಕತ್ತಿದ್ದೆ."

"ಆತಲ್ಲ, ಫೇಲ್ ಆಗ್ಯಾದ. ಹಗ್ಗ ಕಟ್ರಿ."

ಹೀಗೆ ಪರಿಚಯವಾಯಿತು. ಮುಂದಿನ ಸಭೆಯಲ್ಲಿ ಶಾಲು ಹೊದಿಸಿ ಅವಳನ್ನು ಬಳಗದ 'ಗೌರವ ಹಿಂಬದಿ ಸಂಚಾಲಕಿ' ಎಂದು ಘೋಷಿಸಿದರು.

"ಹಂಗಂದ್ರೇನ್ರಿ?"

"ಕಡೀಕ ಬರೂದ್ರಿ ಅಕ್ಕಾರ."

"ಹಂಗಂತ ಹೇಳಾಕ ಶಾಲು ಯಾಕ ಬೇಕಾಗಿತ್ತು?"

ಶಾಲನ್ನು ಮಾತ್ರ ವಾಪಸು ಕೊಡಲಿಲ್ಲ. ಜೀಪಿನ ಸೀಟಿಗೆ ಹೊದಿಸಿದಳು. ಅಂದಿನಿಂದ ಬಳಗಕ್ಕೆ ನೆಮ್ಮದಿಯೂ ಬಂತು, ಕಾಟವೂ ಶುರುವಾಯಿತು. ಹಗ್ಗ, ಹಲಗೆ, ಗೋಣಿಚೀಲ, ಸಲಿಕೆ, ನೀರು, ಎಲ್ಲರ ಬುತ್ತಿ, ಎಲ್ಲವೂ ಅವಳ ಗಾಡಿಯಲ್ಲೇ. ಅದರ ಬಾಡಿಗೆಯೆಂಬಂತೆ ಅವಳ ಉಪದೇಶವನ್ನು ಎಲ್ಲರೂ ಕೇಳಬೇಕು. ಊರೊಳಗೆ ಹಾರ್ನ್ ಹೊಡೆಯಬಾರದು. ಮೆಣಸಿನಕಾಯಿ ಒಣಹಾಕಿದ ಕಡೆ ಧೂಳು ಎಬ್ಬಿಸಬಾರದು. ಬಟ್ಟೆ ಒಗೆಯುವ ಹೆಂಗಸರ ಕಡೆ ಮೊಬೈಲ್ ಹಿಡಿಯಬಾರದು. ಗಾಡಿ ಹಾಯಿಸುವ ಮೊದಲು ಇಳಿದು ನೆಲ ತುಳಿದು ನೋಡಬೇಕು. ಹೇಳುವುದರಲ್ಲಿ ತಪ್ಪಿಲ್ಲ. ಹೇಳುವ ರೀತಿಯೊಂದಿದೆಯಲ್ಲ, ಅದನ್ನು ಕೇಳಿದವರಿಗೆ ಕಡೀ ಬಾಯಿಯ ವಿಷಯದಲ್ಲಿ ನಾನು ಪೂರ್ತಿ ತಪ್ಪು ತಿಳಿದಿರಲಿಲ್ಲ ಎನ್ನಿಸದೆ ಇರುವುದಿಲ್ಲ.

ಈ ವರ್ಷ ಜೋಳ ತೆನೆ ಬಿಟ್ಟ ಹೊತ್ತಿನಲ್ಲಿ ವಿಶ್ವರಾಧ್ಯನಿಗೆ ಸಗರದಾಚೆಯ ಒಂದು ಗುಡ್ಡದ ಮೇಲೆ ಮನಸ್ಸಾಯಿತು.

"ಹಳೀ ಬಂಡಿ ದಾರಿ ಅದರಿ. ಮೊಬೈಲ್ ನಕ್ಷಾದಾಗ ತೋರಸ್ತದ."

"ನಕ್ಷಾದಾಗ ನಮ್ಮ ಚಿಗವ್ವನ್ನ ತೋರಸ್ತದೇನ್ರಿ?" ಎಂದಳು ಮಲ್ಲಾಬಾಯಿ.

ಆ ದಾರಿ ಹಾಯುವುದು ಅವಳ ಚಿಗವ್ವ, ಅಂದರೆ ತೀರಿಹೋದ ತಾಯಿಯ ತಂಗಿ ಲಾಲಮ್ಮನ ಹೊಲದಲ್ಲಿ. ಹಿಂದಿನ ವರ್ಷ ಎಲ್ಲಿಯವರೋ ಬಂದು, ಬೇಲಿಯ ಬಾಯಿಗೆ ಇಟ್ಟಿದ್ದ ಕಂಟಿಯನ್ನು ಸರಿಸಿ, ಹಾಗೇ ಬಿಟ್ಟು ಹೋಗಿದ್ದರು. ಕಂಟಿಯೆಂದರೆ ಒಣಗಿದ ಜಾಲಿಯ ಮುಳ್ಳಿನ ಗಿಡ. ಹೊಲಕ್ಕೆ ಅದೇ ಬಾಗಿಲು, ಅದೇ ಕೀಲಿ. ಕುರಿ ನುಗ್ಗಿ ತೊಗರಿ ಮೇದವು. ಆಮೇಲೆ ಲಾಲಮ್ಮ ಯಾರಿಗೂ ದಾರಿ ಬಿಟ್ಟಿರಲಿಲ್ಲ. ಕೇಳಲು ಮಲ್ಲಾಬಾಯಿ ಒಬ್ಬಳೇ ಹೋದಳು.

"ಎಷ್ಟ ಗಾಡಿ?" ಎಂದಳು ಲಾಲಮ್ಮ.

"ಏಳು, ಚಿಗವ್ವ."

"ಏಳ ಗಾಡಿ ತಗೊಂಡು ಗುಡ್ಡಕ್ಕ ಏನ್ ಮಾಡಾಕ ಹೊಂಟೀರಿ? ಕಲ್ಲ ತರಾಕೇನು?"

"ಏನಿಲ್ಲ. ಹೋಗೂದು, ಉಣ್ಣೂದು, ಬರೂದು."

"ಉಣ್ಣಾಕ ಮನಿ ಇಲ್ಲೇನು ಅವರಿಗಿ?"

ಲಾಲಮ್ಮ ಎಲೆಯಡಿಕೆ ಚೀಲ ತೆಗೆದು, ಒಂದು ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗಿಟ್ಟುಕೊಂಡು, ಆಮೇಲೆ ಹೇಳಿದಳು:

"ದಾರಿ ಬಿಡ್ತೀನಿ. ಅವರ ಮಾರಿ ನೋಡಿ ಅಲ್ಲ, ನಿನ್ನ ಮಾರಿ ನೋಡಿ. ಕಂಟಿ ತಗಿಯಾಕಿ ನೀನ, ಹಚ್ಚಾಕಿ ನೀನ. ಜ್ವಾಳಕ್ಕ ಏನರ ಆತಂದ್ರ, ಮಗಳ, ಈ ಹೊಸ್ತಲ ಮರತಬಿಡು."

ಅಪ್ಪ, ಅವ್ವ ಇಬ್ಬರೂ ತೀರಿದ ಮೇಲೆ ಮಲ್ಲಾಬಾಯಿಗೆ ತವರು ಎಂದರೆ ಆ ಹೊಸ್ತಿಲೇ. ಪಂಚಮಿಗೆ ಬಾ ಎಂದು ಕರೆಯಲು ಲೋಕದಲ್ಲಿ ಉಳಿದಿದ್ದ ಬಾಯಿ ಅದೊಂದೇ. ಲಾಲಮ್ಮ ಆಡಿದ ಮಾತು ತಿರುಗಿಸುವವಳಲ್ಲ. ಆ ಗುಣ ಮನೆತನದ್ದು.

ಹೋಗುವ ದಿನ ಬೆಳಿಗ್ಗೆ ಗಾಡಿಗಳು ಶಹಾಪುರದಾಚೆ ಒಂದು ಪೆಟ್ರೋಲ್ ಬಂಕಿನ ಬಳಿ ಕೂಡಿದವು. ಸೀರೆಯ ಮಲ್ಲಾಬಾಯಿಯನ್ನು ಬಿಟ್ಟರೆ ಎಲ್ಲರೂ ಹಳದಿ ಟೀ ಶರ್ಟು. ಎದೆಯ ಮೇಲೆ ಹುಲಿಯ ಚಿತ್ರ. ಹುಲಿ ಅಧ್ಯಕ್ಷರನ್ನು ಸ್ವಲ್ಪ ಹೋಲುತ್ತಿತ್ತು. ಮಲ್ಲಾಬಾಯಿ ಒಂದೊಂದೇ ಡಿಕ್ಕಿ ತೆರೆಸಿ ನೋಡಿದಳು. ಬಳಗಕ್ಕೆ ಹೊಸಬನಾದ ಮುದನಾಳದ ಕಾಂತೇಶನ ಡಿಕ್ಕಿಯಲ್ಲಿ ಮಡಚುವ ಕುರ್ಚಿ, ಅತ್ತರಿನ ಬಾಟಲಿ, ಹಾಡು ಹೇಳುವ ಡಬ್ಬಿ ಇದ್ದವು.

"ತಮ್ಮಾ, ಹಗ್ಗ ಎಲ್ಲಿ?"

"ಹೊಸಾ ಗಾಡಿರಿ ಅಕ್ಕಾರ, ಸಿಕ್ಕೊಳ್ಳಂಗಿಲ್ಲ."

"ಗಾಡಿ ಹೊಸಾದು. ಕೆಸರ ಹಳೇದು. ಇರಲಿ, ಎಲ್ಲಾರೂ ಇಲ್ಲಿ ಕೇಳ್ರಿ. ನನ್ನ ಮುಂದಿನ ಗಾಡಿ ಕಾಂತೇಶಂದು. ಪ್ರತಿಯೊಬ್ಬರೂ ಕನ್ನಡಿದಾಗ ಹಿಂದಿನ ಗಾಡಿ ನೋಡಬೇಕು. ಕಾಣಲಿಲ್ಲಾ, ನಿಂದ್ರಬೇಕು. ಹೊಲದ ಈಚಿ ಕಂಟಿ ನಾ ತಗೀತೀನಿ, ನಾನ ಹಚ್ಚತೀನಿ. ಆಚಿ ಕಂಟಿ ಹತ್ತರ ಹೋಗಿ ಎಲ್ಲಾರೂ ನಿಂದರ್ರಿ. ನಾ ಬಂದು ತಗಿಯೂತನಾ ಯಾರೂ ಮುಟ್ಟಬ್ಯಾಡ್ರಿ. ತಿಳೀತಿಲ್ಲೋ?"

"ತಿಳೀತು, ಓವರ್," ಎಂದ ವಿಶ್ವರಾಧ್ಯ. ಅವನು ಎದುರಿಗೇ ನಿಂತಿದ್ದ. ಆದರೂ ವಾಕಿಟಾಕಿಯಲ್ಲೇ ಹೇಳಿದ. ಒಂದೊಂದು ಗಾಡಿಗೆ ಒಂದೊಂದು ಕೊಡಿಸಿದ್ದ. ಕೊಡಿಸಿದ ಮೇಲೆ ಬಳಸದೆ ಇರುವುದು ಅವನಿಂದ ಸಾಧ್ಯವಿರಲಿಲ್ಲ.

ಹೊಲ ಮುಟ್ಟಿದರು. ಮಲ್ಲಾಬಾಯಿ ಇಳಿದು ಕಂಟಿ ಸರಿಸಿದಳು. ಆರು ಗಾಡಿಗಳು ಒಂದರ ಹಿಂದೊಂದು ಹೊಲದ ಬದುವಿನ ದಾರಿ ಹಿಡಿದವು. ಏಳನೆಯದು ನುಗ್ಗಬೇಕು ಎನ್ನುವಾಗ ಶಾಂತಕುಮಾರ ಲಿಂಬೆಹಣ್ಣನ್ನು ಬಿಟ್ಟು ಬಾಯಿ ಮುಚ್ಚಿಕೊಂಡ.

"ಈಗೇನ್ರಿ?"

"ಬಂತು."

"ಸುರಪುರದಾಗ ಬರಬಾರದಾಗಿತ್ತಾ?"

ಮಾಸ್ತರ ರಸ್ತೆಯ ಬದಿಗೆ ಓಡಿದ. ಅವಳು ನೀರಿನ ಕ್ಯಾನು ಹಿಡಿದು ಅವನ ಬೆನ್ನು ಸವರುತ್ತ ನಿಂತಳು. ಇತ್ತ ಹೊಲದ ಆ ತುದಿಯಲ್ಲಿ ಆಚೆ ಕಂಟಿಯ ಮುಂದೆ ನಿಂತಿದ್ದ ವಿಶ್ವರಾಧ್ಯನಿಗೆ ತಾಳ್ಮೆ ಮುಗಿದಿತ್ತು. ವಾಕಿಟಾಕಿ ಎತ್ತಿದ:

"ಕಾಂತೇಶ, ಕಡಿ ಗಾಡಿ ದಾಟೇತೇನು? ಓವರ್."

ಕಾಂತೇಶನ ಕನ್ನಡಿಯಲ್ಲಿ ಹಿಂದಿನ ಗಾಡಿ ಇರಲಿಲ್ಲ. ಅವನ ಹೊಸ ಕಪ್ಪು ಕನ್ನಡಕ ಇತ್ತು. ಚೆನ್ನಾಗಿ ಕಾಣಲೆಂದು ಕನ್ನಡಿಯನ್ನು ತನ್ನ ಕಡೆಗೇ ತಿರುಗಿಸಿಕೊಂಡಿದ್ದ. ಕುತ್ತಿಗೆ ಹೊರಗೆ ಹಾಕಿ ನೋಡಿದ. ಡಾಂಬರು ರಸ್ತೆಯ ಮೇಲೆ ಜಲ್ಲಿಕಲ್ಲು ಹೇರಿದ ಒಂದು ಟಿಪ್ಪರ್ ಶಹಾಪುರದ ಕಡೆಗೆ ಹೋಗುತ್ತಿತ್ತು. ಅಧ್ಯಕ್ಷರಿಗೆ ಕಡಿ ಯಾಕೆ ಬೇಕೋ, ಹಾರ್ಡ್‌ವೇರ್‌ನವರಲ್ಲವೇ, ಏನೋ ವ್ಯಾಪಾರವಿರಬೇಕು ಎಂದುಕೊಂಡ.

"ದಾಟೇತ್ರಿ ಸರ್. ತುಂಬಿಕೊಂಡು ಹೊಂಟದ. ಓವರ್."

ಮಲ್ಲಾಬಾಯಿಯ ಗಾಡಿ ಯಾವಾಗಲೂ ತುಂಬಿಕೊಂಡೇ ಇರುತ್ತದೆ. ವಿಶ್ವರಾಧ್ಯನಿಗೆ ಅನುಮಾನವೇ ಬರಲಿಲ್ಲ. ಆಕೆ ಹಿಂದೆಯೇ ಬರುತ್ತಿದ್ದಾಳೆ, ಕಂಟಿ ತೆಗೆಯಲು ಅಧ್ಯಕ್ಷನಿಗೇನು ಕೈಯಿಲ್ಲವೇ ಎಂದು ತಾನೇ ಇಳಿದು, ಅದನ್ನು ಎಳೆದು ದಾರಿಯ ಅಂಚಿಗೆ ಒಗೆದು, ಮುಂದೆ ನಡೆದ. ಕೊನೆಯಲ್ಲಿ ಹೋದ ಕಾಂತೇಶ ಆ ಕಂಟಿಯ ಮೇಲೆಯೇ ಗಾಡಿ ಹಾಯಿಸಿದ. ಅದು ಹಿಂದಿನ ಬಂಪರಿಗೆ ಸಿಕ್ಕಿಕೊಂಡು ಅವನ ಜತೆಗೇ ಗುಡ್ಡಕ್ಕೆ ಹೊರಟಿತು. ಹಿಂದೆ ಗರಗರ ಸದ್ದಾದಾಗ, ಕಾಡುದಾರಿಯಲ್ಲಿ ಗಾಡಿಗಳು ಹೀಗೇ ಸದ್ದು ಮಾಡುತ್ತವೆ ಎಂದು ಅವನು ಖುಷಿಪಟ್ಟ.

ಮಲ್ಲಾಬಾಯಿ ಜೀಪನ್ನು ಒಳಗೆ ತಂದು, ಈಚೆ ಕಂಟಿ ಹಚ್ಚಿ ಮುಖ ತಿರುಗಿಸಿದರೆ ಒಂದು ಗಾಡಿಯೂ ಇಲ್ಲ. ಎದುರಿಗೆ ಬೇಲಿಯ ಆಚೆ ಬಾಯಿ ಬಟಾಬಯಲು. ಅದರಾಚೆ ಕುರಿಯ ಹಿಂಡು. ಕುರಿಗಾರ ಮರಿಲಿಂಗ ಬೇವಿನ ಗಿಡದ ಕೆಳಗೆ ಮೊಬೈಲಿನಲ್ಲಿ ಯಾರಿಗೋ ತನ್ನ ಇಡೀ ಸಂಸಾರದ ಕಥೆ ಹೇಳುತ್ತ ಮಲಗಿದ್ದ. ಅವಳು ಗಂಡನ ಕಡೆ ತಿರುಗಿದಳು.

"ಅವರಿಗಿ ಕರೀರಿ! ಒಬ್ಬರರ ಹೊಳ್ಳಿ ಬಂದು ಅಲ್ಲಿ ನಿಂದರ್ರಿ ಅನ್ರಿ!"

ಶಾಂತಕುಮಾರ ವಾಕಿಟಾಕಿಯ ಗುಂಡಿ ಒತ್ತಿದ. ಅಲ್ಲಾಡಿಸಿದ. ಕಿವಿಗಿಟ್ಟುಕೊಂಡ. "ಸತ್ತದ."

"ಚಾರ್ಜಿಗಿ ಹಾಕಂತ ಹೇಳಿದ್ದೆನಲ್ರಿ!"

"ಹಾಕಿದ್ದೆ. ನೀನ ತಗದಿ. ಶೇಂಗಾ ಹಿಂಡಿ ಮಾಡಾಕ ಮಿಕ್ಸರ್ ಹಚ್ಚಬೇಕಂತ."

ಹದಿನೈದು ಜನರಿಗೆ ಉಪದೇಶ ಮಾಡುವವಳು ವಾಕಿಟಾಕಿಯನ್ನು ಕಸಿದು ಸೀಟಿನ ಮೇಲೆ ಒಗೆದು ಜೀಪು ಹತ್ತಿದಳು. ನೆಲ ತುಳಿದು ನೋಡಬೇಕು ಎಂಬ ತನ್ನದೇ ಮಾತನ್ನೂ ಅವಸರದಲ್ಲಿ ನುಂಗಿದಳು. ಬದುವಿನ ದಾರಿಯ ನಡುವೆ ಕಾಲುವೆಯ ನೀರು ಜಿನುಗಿ ಮೆತ್ತಗಾಗಿದ್ದ ಒಂದು ಜಾಗ. ಆರು ಗಾಡಿ ತುಳಿದು ಅದನ್ನು ಹುಗ್ಗಿ ಮಾಡಿಟ್ಟಿದ್ದವು. ಜೀಪು ಆ ಹುಗ್ಗಿಯೊಳಗೆ ಉಸ್ಸೆಂದು ಕೂತಿತು. ಗೋಣಿಚೀಲ ಹಾಕಿದಳು, ಹಲಗೆ ಹಾಕಿದಳು. ಚಕ್ರ ಎರಡನ್ನೂ ತಿಂದು ಅಲ್ಲೇ ತಿರುಗಿತು. ಅತ್ತ ಮುಂದಿನ ಕುರಿಯೊಂದು ತಲೆಯೆತ್ತಿ ಬೇಲಿಯ ಬಾಯಿಯನ್ನೇ ನೋಡುತ್ತಿತ್ತು.

"ರೀ, ಓಡ್ರಿ. ಅಲ್ಲಿ ಕಂಟಿ ಹಚ್ಚರಿ."

ಮಾಸ್ತರ ಓಡಿದ. ಅಲ್ಲಿಂದಲೇ ಕೂಗಿದ: "ಕಂಟೀನ ಇಲ್ಲ!"

"ಇಲ್ಲಂದ್ರ ನೀವ ಕಂಟಿ ಆಗ್ರಿ!"

ಶಾಂತಕುಮಾರ ಎರಡೂ ಕೈ ಚಾಚಿ, ಕಾಲು ಅಗಲಿಸಿ, ಹಳದಿ ಟೀ ಶರ್ಟಿನಲ್ಲಿ ಬೇಲಿಯ ಬಾಯಿಗೆ ನಿಂತ. ಇಪ್ಪತ್ತು ವರ್ಷ ಮಕ್ಕಳನ್ನು ಹದ್ದುಬಸ್ತಿನಲ್ಲಿಟ್ಟ ಧ್ವನಿಯಲ್ಲಿ "ಏಯ್, ಸಾಲಾಗಿ ನಿಂದರ್ರಿ!" ಎಂದ. ಕುರಿಗಳು ಶಾಲೆ ಕಲಿತವಲ್ಲ. ಎದುರಿಗೆ ಬಂದವುಗಳನ್ನು ಕೈಬೀಸಿ ತಡೆದ. ಆದರೆ ಎರಡು ಅವನ ಕಾಲ ಸಂದಿನಲ್ಲೇ ನುಸುಳಿ ಮೂಲೆಯ ಜೋಳಕ್ಕೆ ಬಾಯಿ ಹಾಕಿದವು. ಮಲ್ಲಾಬಾಯಿ ಕೆಸರುಗಾಲಲ್ಲಿ ಓಡಿಬಂದು ಅವುಗಳ ಕಿವಿ ಹಿಡಿದು ಹೊರಗೆ ದಬ್ಬಿದಳು. ಅವಳ ಕೂಗಿಗೆ ಮರಿಲಿಂಗನೂ ಎದ್ದು, ಫೋನಿನವರಿಗೆ "ಜರಾ ತಡೀರಿ" ಎಂದು ಹೇಳಿ, ಹಿಂಡು ಹೊಡೆದುಕೊಂಡು ಹೋದ. ಮಾಸ್ತರ ಮಾತ್ರ ನಿಂತೇ ಇದ್ದ. ಕದಲಬೇಡಿ ಎಂದು ಅವಳ ಅಪ್ಪಣೆಯಾಗಿತ್ತು.

ಗುಡ್ಡದ ಬುಡದಲ್ಲಿ ಬಳಗಕ್ಕೆ ಮಲ್ಲಾಬಾಯಿಯ ನೆನಪಾದದ್ದು ಹಸಿವಾದ ಮೇಲೆ. ಬುತ್ತಿ ಇದ್ದದ್ದು ಅವಳ ಗಾಡಿಯಲ್ಲಿ.

"ಕಡಿ ಗಾಡಿ ಎಲ್ಲಿ ಹೋತೋ?" ಎಂದ ವಿಶ್ವರಾಧ್ಯ.

"ಈಗ ಶಹಾಪುರ ಮುಟ್ಟಿರಬೇಕ್ರಿ ಸರ್," ಎಂದ ಕಾಂತೇಶ.

ಅರ್ಥ ಬಿಡಿಸಿಕೊಳ್ಳಲು ಇಬ್ಬರಿಗೂ ಸ್ವಲ್ಪ ಹೊತ್ತು ಹಿಡಿಯಿತು. ಬಂಪರಿನ ಕಂಟಿ ಕಣ್ಣಿಗೆ ಬಿದ್ದದ್ದೂ ಆಗಲೇ. ಆರೂ ಗಾಡಿ ಬಂದ ದಾರಿಯಲ್ಲೇ ಓಡಿಬಂದವು. ಶಾಂತಕುಮಾರನೆಂಬ ಕಂಟಿ ಒಂದು ಗಳಿಗೆ ಸರಿದು ವಿಶ್ವರಾಧ್ಯನ ಜೀಪಿಗೆ ಮಾತ್ರ ದಾರಿ ಕೊಟ್ಟಿತು. ಅಧ್ಯಕ್ಷ ಬದುವಿನ ಮೇಲೆ ಬಂದು ಸಿಕ್ಕಿಬಿದ್ದ ಜೀಪಿಗೆ ಮುಖಾಮುಖಿ ನಿಂತು, ಪರಿಸ್ಥಿತಿಯನ್ನು ಅವಲೋಕಿಸಿದ.

"ಅಕ್ಕಾರ, ಹಗ್ಗ ಕಟ್ಟಿ ಎಳೀಬೇಕಂದ್ರ ನಾ ಗಾಡಿ ಹೊಳ್ಳಿಸಬೇಕು. ಹಿಂಗ ಜ್ವಾಳದಾಗ ಒಂದೀಟ ಇಳದು ಹೊಳ್ಳಿಸ್ತೀನಿ. ಎರಡ ಸಾಲ ಹೋಗಬಹುದು. ನಿಮ್ಮ ಚಿಗವ್ವಗ ಆಮ್ಯಾಲ ನಾ ಸಮಜಾಯಿಸ್ತೀನಿ."

ಮಲ್ಲಾಬಾಯಿ ಸಲಿಕೆ ಹಿಡಿದು ಜೋಳಕ್ಕೂ ಅವನ ಗಾಲಿಗೂ ನಡುವೆ ಬಂದು ನಿಂತಳು.

"ಹೊಳ್ಳಸಂಗಿಲ್ಲ. ಹಗ್ಗ ಮುಂದ ಕಟ್ಟಿ, ರಿವರ್ಸ್ ಹೋಗ್ರಿ."

"ಈ ಬದುವಿನ ಮ್ಯಾಲ? ರಿವರ್ಸ್? ಅಲ್ರಿ, ಅಧ್ಯಕ್ಷ ಆದಂವ ಹಿಂದಕ್ಕ ಹೋಗೂದು ಛಂದ ಕಾಣ್ತದೇನ್ರಿ?"

"ಕಣ್ಣ ಮುಚ್ಚಿಕೊಂಡ ಹೋಗ್ರಿ, ಕಾಣಂಗಿಲ್ಲ."

ಅಧ್ಯಕ್ಷ ಹಿಂದಕ್ಕೆ ಹೋದ. ಕುತ್ತಿಗೆ ತಿರುಗಿಸಿ, ಬೆವರು ಸುರಿಸಿ, ಅಡಿ ಅಡಿಗೂ ನಿಂತು ಹೋದ. ಮಲ್ಲಾಬಾಯಿ ಪಕ್ಕದಲ್ಲೇ ನಡೆಯುತ್ತ, "ಎಡಕ್ಕ! ಎಡಕ್ಕಂದ್ರ ಎಡಕ್ಕ! ಉಣ್ಣೂ ಕೈ ಅಲ್ರಿ, ಅದರ ಬಾಜೂದ್ದು!" ಎಂದು ಹೊಲ ಹಾರುವಂತೆ ಕೂಗಿದಳು. ಉಳಿದವರಲ್ಲೊಬ್ಬ ಅವಳ ಜೀಪಿನ ಸ್ಟೇರಿಂಗ್ ಹಿಡಿದ, ಮಿಕ್ಕವರು ಹಿಂದಿನಿಂದ ದಬ್ಬಿದರು. ಜೀಪಿನ ಚಕ್ರ ಅವರ ಎದೆಯ ಮೇಲೆಲ್ಲ ಲಾಲಮ್ಮನ ಹೊಲದ ಎರೆಮಣ್ಣನ್ನು ಬಳಿಯಿತು. ಕೊನೆಗೊಮ್ಮೆ ಜೀಪು ಬಚಕ್ಕನೆ ಮೇಲೆದ್ದಾಗ ಹಾರಿದ ಕೆಸರಿನಲ್ಲಿ ಒಂದು ಮುದ್ದೆ ನೇರವಾಗಿ ಹೋಗಿ ಆನೆಯ ಸೊಂಡಿಲ ಬಾಯಿಗೆ ಬಿತ್ತು. ಆ ಕೊಳವೆ ಇಷ್ಟು ದಿನ ಕಾಯುತ್ತಿದ್ದದ್ದು ಇದಕ್ಕೇ ಇರಬೇಕು.

ಅಷ್ಟರಲ್ಲಿ ಬದುವಿನ ಮೇಲೆ ಲಾಲಮ್ಮ ಬರುತ್ತಿದ್ದಳು. ತಲೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಸೀತನಿ, ಹಾಲುಗಾಳಿನ ತೆನೆ ಸುಟ್ಟು ಬಡಿದದ್ದು. ಏಳು ಗಾಡಿಯವರು ಬಂದಾರೆಂದು ಬೈದುಕೊಳ್ಳುತ್ತಲೇ ಸುಟ್ಟು ತಂದಿದ್ದಳು. ಅವಳು ಬಾಯಿ ಬಿಡುವ ಮೊದಲೇ ಮಲ್ಲಾಬಾಯಿ ಎದುರಿಗೆ ಹೋಗಿ ನಿಂತಳು.

"ಚಿಗವ್ವ, ಆ ಮೂಲ್ಯಾಗ ಎರಡ ಕುರಿ ಬಾಯಿ ಹಾಕ್ಯಾವ. ಆಚಿ ಕಂಟಿ ನಾ ಬರೂಕಿಂತ ಮೊದಲ ತಗದಾರ. ನಂದೂ ತಪ್ಪದ, ಮಿಷನ್ ಚಾರ್ಜ್ ಮಾಡಿದ್ದಿಲ್ಲ. ನೋಡು, ಏನಂತಿ ಅನ್ನು."

ಲಾಲಮ್ಮ ಬುಟ್ಟಿ ಇಳಿಸಲಿಲ್ಲ. ಮೂಲೆಗೆ ಹೋಗಿ, ಮುರಿದ ದಂಟುಗಳನ್ನು ಬೆರಳಿಂದ ಎತ್ತಿ ನೋಡಿದಳು. ಕೆಸರು ಮೆತ್ತಿದ ಹುಲಿಗಳನ್ನು ನೋಡಿದಳು. ಬದುವಿನ ಎರಡೂ ಕಡೆ ಒಂದು ಗರಿಯೂ ಬಾಗದೆ ನಿಂತ ಜೋಳವನ್ನು, ಆ ತುದಿಯಲ್ಲಿ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ ಅಳಿಯನನ್ನು ನೋಡಿದಳು.

"ಆ ಮಾಸ್ತರಗ ಕರಿ. ಬೆದರಗೊಂಬಿ ಅಂತ ತಿಳದು ಗುಬ್ಬಿ ಹೆದರಾಕತ್ಯಾವ, ಪಾಪ." ಆಮೇಲೆ ಬುಟ್ಟಿ ಇಳಿಸಿದಳು. "ಕುರಿ ತಿಂದದ್ದು ಕುರಿ ಹೊಟ್ಟ್ಯಾಗ ಹೋತು. ನೀ ಮುಚ್ಚಿಟ್ಟಿದ್ರ ಮಾತ ಬ್ಯಾರೆ ಇತ್ತು. ಪಂಚಮಿಗಿ ಬಾ. ದಾರೀನೂ ಬಿಡ್ತೀನಿ. ಆದ್ರ ಮುಂದಿನ ಸರ್ತಿ ಈ ಮುಂದಿನವನ್ನ ಕರಕೊಂಡ ಬರಬ್ಯಾಡ."

'ಮುಂದಿನವ' ವಿಶ್ವರಾಧ್ಯ ಸೀತನಿ ತಿನ್ನುತ್ತಿದ್ದ. ಕೇಳಿಸದವನಂತೆ ಇನ್ನೊಂದು ಹಿಡಿ ತೆಗೆದುಕೊಂಡ.

ಮಲ್ಲಾಬಾಯಿ ಕಾಂತೇಶನ ಬಂಪರಿನಿಂದ ಕಂಟಿ ಬಿಡಿಸಿ, ಬೇಲಿಯ ಬಾಯಿಗೆ ಎಳೆಯತೊಡಗಿದಳು. ಮುಳ್ಳು ಸೆರಗಿಗೆ ಸಿಕ್ಕಿತು. ಬಿಡಿಸಿಕೊಂಡು ಮತ್ತೆ ಎಳೆದಳು. ಆಗ ಕಾಂತೇಶ ಮೊಬೈಲ್ ಹಿಡಿದು, ಕಪ್ಪು ಕನ್ನಡಕವನ್ನು ಹಣೆಗೇರಿಸಿ ಹತ್ತಿರ ಬಂದ. ಅಂದಿನ ಸಾಹಸದ ವಿಡಿಯೊಗೆ ಒಂದು ಒಳ್ಳೆಯ ಮುಕ್ತಾಯ ಬೇಕಾಗಿತ್ತು.

"ಅಕ್ಕಾರ, ಒಂದ ಪ್ರಶ್ನಾರಿ. ಯಾವಾಗ್ಲೂ ಎಲ್ಲಾರಕಿಂತ ಕಡೀಕ ಬರ್ತೀರಿ. ಒಮ್ಮೆರ ಎಲ್ಲಾರಕಿಂತ ಮುಂದ ಹೋಗಬೇಕಂತ ನಿಮಗ ಅನಸಂಗಿಲ್ಲೇನ್ರಿ?"

ಮಲ್ಲಾಬಾಯಿ ಕಂಟಿಯನ್ನು ಬಿಡದೆ, ಬೆನ್ನು ನೆಟ್ಟಗೆ ಮಾಡಿ, ಕ್ಯಾಮರಾವನ್ನು ನೋಡಿದಳು.

"ನಾ ಮುಂದ ಹೋದ್ರ ಕಂಟಿ ಯಾರು, ನಿಮ್ಮಪ್ಪ ಎಳೀತಾನೇನೋ?"